ಬಸವನಹುಳದ ಫೋಟೋ ತಿರುವಿ ಹಾಕಬ್ಯಾಡ್ರಿ, ಜಾತೀನೇ ಬದಲಾಗ್ತದ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಜಿಲ್ಲಾ ಪುಟದಾಗ ಗುರಮಠಕಲ್ ಕಡೆ ಹೊಲದಾಗ ಒಂದು ಸಾಲಿ ಹುಡುಗಿಗೆ ಕಲ್ಲಾಗಿ ಹೋದ ಬಸವನಹುಳ ಸಿಕ್ಕಿದ ಸುದ್ದಿ ಬಂದಿತ್ತಲ್ರಿ, ‘ಸಮುದ್ರ ಶಂಖ ಪತ್ತೆ, ಯಾದಗಿರಿ ಒಂದು ಕಾಲಕ್ಕೆ ಸಮುದ್ರವಾಗಿತ್ತು’ ಅಂತ ಹೆಡ್ಡಿಂಗ್ ಕೊಟ್ಟು, ಅದರ ಬಗ್ಗೆ ಬರೀಲಿಕತ್ತೀನಿ. ಮೊದಲು ಆ ಹುಡುಗಿಗೆ ಶಾಬಾಸ್ ಅನ್ನಬೇಕು, ಹೆಬ್ಬೆರಳಿನ ಉಗುರಿನಷ್ಟು ಸಾಮಾನು ಅದು, ತೊಗರಿ ಸಾಲಿನಾಗ ನಡೀವಾಗ ಸಾವಿರ ಕಲ್ಲಿನಾಗ ಅದೊಂದನ್ನ ಕಂಡು ಎತ್ತಿಕೊಂಡು ಮನಿಗೆ ತಂದಾಳ. ನಾನು ಇಲ್ಲೇ ಕಲಬುರಗಿಯ ಒಂದು ಕಾಲೇಜಿನ ಭೂಗರ್ಭಶಾಸ್ತ್ರ ವಿಭಾಗದಾಗ 27 ವರ್ಷ ಲ್ಯಾಬ್ ಅಟೆಂಡರ್ ಆಗಿ ಕೆಲಸ ಮಾಡಿ ರಿಟೈರ್ ಆದವ, ಕಲ್ಲಿನ ಟ್ರೇ ಒರೆಸೋದು, ಚೀಟಿ ಬರೆಯೋದು, ಪ್ರಾಕ್ಟಿಕಲ್ಸ್‌ಗೆ ಮಾದರಿ ತೆಗೆದಿಡೋದು ನನ್ನ ಕೆಲಸ ಇತ್ತು, ಇಂಥ ಚಿಪ್ಪು ಎಷ್ಟು ಸಲ ಕೈಯಾಗ ಹಿಡಿದೀನೋ ಲೆಕ್ಕ ಇಲ್ಲ, ಅದಕ್ಕೇ ಸುಮ್ಮನಿರಲಿಕ್ಕೆ ಆಗಲಿಲ್ಲ.

ಸುದ್ದಿ ಪೇಪರಿನಾಗ ಓದಿದೆ, ಮಗ ಮೊಬೈಲ್‌ನಾಗೂ ತೋರಿಸಿದ. ಎರಡೂ ಫೋಟೋ ಒಂದೇ, ಆದ್ರ ಪೇಪರಿನಾಗ ಚಿಪ್ಪಿನ ಬಾಯಿ ಎಡಕ್ಕದ, ಮೊಬೈಲ್‌ನಾಗ ಬಲಕ್ಕದ! ಯಾವುದು ಖರೆ ಅಂತ ಬಹಳ ಹೊತ್ತು ನೋಡಿದೆ, ಆಮ್ಯಾಲ ಅಳತಿಗಂತ ಪಕ್ಕದಾಗ ಇಟ್ಟಿದ್ದ ಐದು ರೂಪಾಯಿ ನಾಣ್ಯದ ಮ್ಯಾಲ ಕಣ್ಣು ಹೋಯ್ತು, ಮೊಬೈಲ್ ಫೋಟೋದಾಗ ಆ 5 ಉಲ್ಟಾ ಕಾಣಿಸ್ತಿತ್ತು, ಕನ್ನಡಿಯಾಗ ಕಂಡಂಗ. ಅಂದ್ರ ಪೇಜಿಗೆ ಚಂದ ಕಾಣಲಿ ಅಂತ ಯಾರೋ ಫೋಟೋ ತಿರುವಿ ಹಾಕ್ಯಾರ. ಮನಷ್ಯಾನ ಫೋಟೋ ತಿರುವಿದ್ರ ಬೈತಲೆ ಆ ಕಡಿಂದು ಈ ಕಡೆ ಆಗ್ತದ ಅಷ್ಟೇ, ಬಸವನಹುಳದ್ದು ತಿರುವಿದ್ರ ಅದು ಬ್ಯಾರೆ ಪ್ರಾಣೀನೇ ಆಗಿಬಿಡ್ತದ್ರಿ.

ಹ್ಯಾಂಗ ಅಂದ್ರ, ಚಿಪ್ಪಿನ ಚೂಪು ತುದಿ ಮ್ಯಾಲ ಮಾಡಿ, ಬಾಯಿ ನಮ್ಮ ಕಡೆ ಬರೋಹಂಗ ಹಿಡೀಬೇಕು, ಬಾಯಿ ಬಲಗಡೆ ಬಂದ್ರ ಬಲಸುತ್ತು, ಎಡಗಡೆ ಬಂದ್ರ ಎಡಸುತ್ತು. ಲೋಕದಾಗಿನ ಬಸವನಹುಳದಾಗ ಹೆಚ್ಚಿನವು ಬಲಸುತ್ತೇ. ಆದ್ರ ಫೈಸಾ ಅನ್ನೋ ಸಿಹಿನೀರಿನ ಹುಳದ ಕುಲ, ಅಂದ್ರ ಹತ್ತಿರದ ಜಾತಿಗಳ ಗುಂಪು, ಎಡಸುತ್ತು. ನಮ್ಮ ದಖ್ಖನ್ ಲಾವಾ ಪದರಗಳ ನಡುವೆ ಸಿಗೋ ಕೆರೆ ಮಣ್ಣಿನಾಗ ಈ ಫೈಸಾ ಇರ್ತದ, ಅದರ ಜೋಡಿಗೇ ಲಿಮ್ನಿಯಾ ಅಂತ ಇನ್ನೊಂದು ಇರ್ತದ, ಅದು ಬಲಸುತ್ತು. ಎರಡೂ ತೆಳ್ಳನ ಚಿಪ್ಪು, ಎರಡೂ ಉದ್ದ ಬಾಯಿ, ಕಲ್ಲಾದ ಮ್ಯಾಲ ಬಣ್ಣ ಇಲ್ಲ ಏನಿಲ್ಲ, ಹೊಸ ಹುಡುಗ್ರು ಮೊದಲು ನೋಡಬೇಕಾದ್ದೇ ಬಾಯಿ ಯಾವ ಕಡೆ ಅದ ಅಂತ. ನೀವು ಫೋಟೋ ತಿರುವಿದ್ರಿ, ಫೈಸಾ ಹೋಗಿ ಲಿಮ್ನಿಯಾ ಆಗಿ ಕುಂತಿತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಮನ್ಯಾಗ ಪೂಜೆಗೆ ಶಂಖ ಇಟ್ಟವರಿಗೆ ಇದು ಗೊಂದಲ ಆಗ್ತದ. ನಾವು ಬಲಮುರಿ ಶಂಖ ಅಂತ ಯಾವುದಕ್ಕ ಅಷ್ಟು ಬೆಲೆ ಕೊಟ್ಟು ತರ್ತೀವೋ ಅದು ಈ ಶಾಸ್ತ್ರದವರ ಲೆಕ್ಕದಾಗ ಎಡಸುತ್ತು. ನಾವು ತಪ್ಪೂ ಅಲ್ಲ ಅವರು ತಪ್ಪೂ ಅಲ್ಲ, ನಾವು ಶಂಖದ ಬಾಲ ಮ್ಯಾಲ ಮಾಡಿ ಹಿಡಿತೀವಿ, ಅವರು ಸುರುಳಿ ತುದಿ ಮ್ಯಾಲ ಮಾಡಿ ಹಿಡಿತಾರ, ಅಷ್ಟೇ ಫರಕು. ಆ ಶಂಖಕ್ಕೆ ಟರ್ಬಿನೆಲ್ಲಾ ಪೈರಮ್ ಅಂತ ಹೆಸರು, ಪೈರಮ್ ಅನ್ನೋ ಎರಡನೇ ಶಬ್ದ, ಪ್ರಾಣಿಗಳಿಗೆ ಎರಡು ಶಬ್ದದ ಹೆಸರಿಡೋ ಪದ್ಧತಿ ತಂದ ಲಿನೇಯಸ್ 1767ರಾಗ ಇಟ್ಟದ್ದು, ಅದು ಖರೇನೇ ಸಮುದ್ರದ್ದು, ನಮ್ಮ ಗುರಮಠಕಲ್ ಹುಳಕ್ಕೂ ಅದಕ್ಕೂ ದೂರದ ಸಂಬಂಧ. ಸುರುಳಿ ಇದ್ದದ್ದೆಲ್ಲಾ ಶಂಖ ಅಲ್ರಿ.

ಇನ್ನ ಹೆಡ್ಡಿಂಗ್ ವಿಷಯ. ಯಾದಗಿರಿ ಕಡೆ ಸಮುದ್ರ ಇತ್ತು ಅನ್ನೋದು ಸುಳ್ಳಲ್ಲ. ಶಹಾಬಾದ್ ಫರಸಿ, ಸೇಡಂ ಕಡೆ ಸಿಮೆಂಟಿಗೆ ಒಯ್ಯೋ ಸುಣ್ಣದ ಕಲ್ಲು, ಭೀಮಾ ತಪ್ಪಲಿನ ಆ ಕಲ್ಲೆಲ್ಲಾ ಸಮುದ್ರದ ತಳದಾಗ ಕುಂತು ಗಟ್ಟಿ ಆದದ್ದು, ನಮ್ಮ ಅರ್ಧ ಮನಿಗಳ ನೆಲ ಸಮುದ್ರದ ತಳಾನೇ. ಆದ್ರ ಆ ಸಮುದ್ರ 50 ಕೋಟಿ ವರ್ಷಕ್ಕಿಂತ ಹಿಂದಿಂದು, ಆಗ ಚಿಪ್ಪಿನ ಬಸವನಹುಳ ಇನ್ನೂ ಹುಟ್ಟೇ ಇರಲಿಲ್ಲ, ಹಂಗಾಗಿ ಫರಸಿ ಖಣಿಯಾಗ ಎಷ್ಟು ಹುಡುಕಿದ್ರೂ ಶಂಖ ಸಿಗಲ್ಲ. ಹುಡುಗಿಗೆ ಸಿಕ್ಕ ಹುಳ ಸುಮಾರು 6.6 ಕೋಟಿ ವರ್ಷದ ಹಿಂದಿನ ಕಾಲದ್ದು, ದಖ್ಖನ್‌ನಾಗ ಲಾವಾ ಹರಿದು ತಣ್ಣಗಾಗಿ ಅದರ ಮ್ಯಾಲ ಮಳಿ ನೀರು ನಿಂತು ಕೆರೆ ಆಗಿ, ಆ ಕೆರೆಯಾಗ ಹುಳ ಬೆಳೆದು ಸತ್ತು ಕೆಸರಿನಾಗ ಹುಗಿದು, ಮತ್ತ ಮ್ಯಾಲ ಇನ್ನೊಂದು ಲಾವಾ ಬಂದು ಮುಚ್ಚಿ, ಹಂಗ ಉಳಿದದ್ದು. ಸಮುದ್ರದ ಕಲ್ಲಿನಾಗ ಹುಳ ಇಲ್ಲ, ಹುಳ ಇದ್ದ ಕಲ್ಲು ಕೆರೆದು, ನೀವು ಎರಡನ್ನೂ ಒಂದು ಮಾಡಿ ಹೆಡ್ಡಿಂಗ್ ಕೊಟ್ಟೀರಿ. ಬೇಜಾರ್ ಮಾಡ್ಕೋಬ್ಯಾಡ್ರಿ, ಈ ತಪ್ಪು ದೊಡ್ಡ ದೊಡ್ಡ ದೇಶದಾಗೂ ಆಗ್ಯದ, ಅಮೇರಿಕಾದ ವ್ಯೋಮಿಂಗ್‌ನಾಗ ಸಿಗೋ ಒಂದು ಚಂದನ ಕಲ್ಲಿಗೆ ಟರಿಟೆಲ್ಲಾ ಅಗೇಟ್ ಅಂತ ಹೆಸರು ಹಚ್ಚಿ ಮಾರ್ತಾರ, ಟರಿಟೆಲ್ಲಾ ಸಮುದ್ರದ ಹುಳ, ಆದ್ರ ಆ ಕಲ್ಲಿನಾಗ ಇರೋದು ಎಲಿಮಿಯಾ ಟೆನೆರಾ ಅನ್ನೋ ಸಿಹಿನೀರಿನದು. ನೋಡ್ಲಿಕ್ಕೆ ಎರಡೂ ಉದ್ದ ಸ್ಕ್ರೂ ಇದ್ದಂಗ ಅದಾವ, ಅದಕ್ಕೇ ಮೋಸ. ಅಂಗಡಿಯಾಗ ಇವತ್ತಿಗೂ ಅದೇ ತಪ್ಪು ಹೆಸರು ನಡೀಲಿಕತ್ತದ.

ಸುದ್ದಿ ಕಡೀಗೆ ‘ಈ ಶಂಖಕ್ಕೆ ನಮ್ಮ ಊರಿನ ಹೆಸರಿಡಬೇಕೆಂದು ಗ್ರಾಮಸ್ಥರು ಆಗ್ರಹಿಸಿದ್ದಾರೆ’ ಅಂತ ಇತ್ತು. ಅವರ ಆಸೆ ನನಗ ತಿಳೀತದ, ನಮ್ಮ ಊರಿನ ಹೆಸರು ಪುಸ್ತಕದಾಗ ಬಂದ್ರ ಯಾರಿಗೆ ಸಂತೋಷ ಆಗಲ್ಲ. ಇಡಲಿಕ್ಕೂ ಬರ್ತದ, ಊರ ಹೆಸರಿನ ಕೊನೀಗೆ ‘ಎನ್ಸಿಸ್’ ಅಂತ ಹಚ್ತಾರ, ಗಂಡಸಿನ ಹೆಸರಿಟ್ರ ಕೊನೀಗೆ ‘ಐ’, ಹೆಣ್ಣುಮಗಳ ಹೆಸರಿಟ್ರ ಇಂಗ್ಲಿಷ್‌ನಾಗ ಎ ಮತ್ತ ಇ ಎರಡು ಅಕ್ಷರ. ಆದ್ರ ಮೊದಲು ಅದು ಹೊಸ ಜಾತಿ ಅಂತ ಗೊತ್ತಾಗಬೇಕಲ್ರಿ. ಒಮ್ಮೆ ಹೆಸರು ಇಟ್ಟಾಗಿದ್ರ ಅದೇ ಪ್ರಾಣಿಗೆ ಮತ್ತೊಂದು ಹೆಸರು ನಡೆಯಂಗಿಲ್ಲ, ಮೊದಲು ಇಟ್ಟವರದ್ದೇ ಹಕ್ಕು, ಲಿನೇಯಸ್‌ನ 1758ರ ಪುಸ್ತಕದಿಂದ ಈ ಲೆಕ್ಕ ಶುರು. ನಮ್ಮ ಲಾವಾ ಕೆರೆಗಳ ದೊಡ್ಡ ಫೈಸಾಕ್ಕೆ 1840ರಾಗೇ ಸೋವರ್ಬಿ ಅನ್ನೋರು ಫೈಸಾ ಪ್ರಿನ್ಸೆಪಿಐ ಅಂತ ಹೆಸರಿಟ್ಟಾರ, ಮಾಲ್ಕಮ್ಸನ್ ಅನ್ನೋ ಮದ್ರಾಸ್ ಸೈನ್ಯದ ಡಾಕ್ಟರ್ ಒಬ್ಬರು ಕಲ್ಲು ಕೂಡಿಸಿ ಲೇಖನ ಬರೆದಿದ್ರು, ಅದರಾಗ. ಪ್ರಿನ್ಸೆಪ್ ಅನ್ನೋ ಹೆಸರು ಕೇಳಿದ ಕೂಡ್ಲೆ ನನಗ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ನೆನಪಾಗ್ತಾರ, ಅವರು ಓದದಿದ್ರ 1986ರಾಗ ನಮ್ಮ ಸನ್ನತಿ ಗುಡಿಯಾಗ ಸಿಕ್ಕ ಅಶೋಕನ ಶಾಸನಾನೂ ಬರೇ ಒಂದು ಬಂಡೆ ಆಗಿ ಉಳೀತಿತ್ತು. ಈಗ ಕೆಲವರು ಆ ಹುಳವನ್ನ ಪ್ಲಾಟಿಫೈಸಾ ಅನ್ನೋ ಬ್ಯಾರೆ ಕುಲಕ್ಕ ಹಾಕ್ತಾರ. ಆಗ ಮೊದಲನೇ ಶಬ್ದ, ಅಂದ್ರ ಕುಲದ ಹೆಸರು, ಬದಲಾಗ್ತದ, ಎರಡನೇ ಶಬ್ದ ಪ್ರಿನ್ಸೆಪಿಐ ಹಂಗೇ ಉಳೀತದ, ಕೊನೀಗೆ ಬರೆಯೋ ಸೋವರ್ಬಿ ಹೆಸರಿನ ಸುತ್ತ ಮಾತ್ರ ಕಂಸ ಬೀಳ್ತದ. ಆ ಕಂಸ ನೋಡಿದ್ರ ಸಾಕು, ಈ ಹುಳ ಮನಿ ಬದಲಿ ಮಾಡ್ಯದ ಅಂತ ತಿಳೀತದ.

1860ರಾಗ ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಇಂಥವೇ ಎಷ್ಟೋ ಚಿಪ್ಪಿಗೆ ಲ್ಯಾಟಿನ್‌ನಾಗ ವಿವರಣೆ ಬರೆದು ಹೆಸರಿಟ್ರು. ಅವರ ಮಾದರಿಗಳು ಲಂಡನ್ನಿನ ಮ್ಯೂಸಿಯಂನಾಗ ಅದಾವ, 2008ರಾಗೂ ಸಂಶೋಧಕರು ಆ ಲ್ಯಾಟಿನ್ ಮತ್ತ ತೆಗೆದು ಓದಿ, ಆ ಕಲ್ಲು ಕೈಗೆ ತೊಗೊಂಡು ಯಾವ ಹೆಸರು ಯಾವ ಕಲ್ಲಿಗೆ ಅಂತ ತಾಳೆ ನೋಡ್ಯಾರ. ಯಾಕಂದ್ರ ಪ್ರತಿ ಹೆಸರಿನ ಹಿಂದ ಒಂದು ಕಲ್ಲು ಇರಬೇಕು. ಈಗಿನ ನಿಯಮದ ಪ್ರಕಾರ ಹೊಸ ಜಾತಿ ಹೇಳವ್ರು ಇದೇ ಆ ಕಲ್ಲು ಅಂತ ಬೊಟ್ಟು ಮಾಡಿ ತೋರಿಸಲೇಬೇಕು, ಅದಕ್ಕ ಹೋಲೋಟೈಪ್ ಅಂತಾರ, ನಾಳೆ ಯಾರಿಗೆ ಅನುಮಾನ ಬಂದ್ರೂ ಹೋಗಿ ಆ ಕಲ್ಲನ್ನೇ ನೋಡಬೇಕು. ಪೇಪರಿನಾಗ ಹೆಸರು ಹಾಕಿದ್ರ ಹೆಸರು ಹುಟ್ಟಲ್ಲ, ಆಗ್ರಹ ಮಾಡಿದ್ರೂ ಹುಟ್ಟಲ್ಲ.

ಆದ್ರ ಬರೇ ಕಲ್ಲಿದ್ರ ಸಾಲಲ್ಲ, ಅದು ಎಲ್ಲಿಂದು ಅಂತ ಹೇಳೋ ಚೀಟಿ ಕಳೆದ್ರ ಏನಾಗ್ತದ ಅನ್ನೋದು ನಾ ಕಣ್ಣಾರೆ ಕಂಡೀನಿ. ನಮ್ಮ ಕಾಲೇಜಿನಾಗ ಬಸವನಹುಳದ ಟ್ರೇ ಒಂದಿತ್ತು, ಹಿಂದಿನ ಮೇಷ್ಟ್ರು ಹುಡುಗ್ರನ್ನ ಕರಕೊಂಡು ತಮಿಳುನಾಡಿನ ಅರಿಯಲೂರಿಗೆ ಹೋಗಿ ತಂದ ಟರಿಟೆಲ್ಲಾಗಳು ಅದರಾಗ ಇದ್ದವು, ಅವು ಅಸಲಿ ಸಮುದ್ರದವು, ಒಂದು ಗೇಣಿಗೆ ಸ್ವಲ್ಪ ಕಡಿಮಿ, ಮ್ಯಾಲ ಸಣ್ಣ ಸಣ್ಣ ಗೆರೆ, ಬೆರಳು ಆಡಿಸಿದ್ರ ಗರಗರ ಅಂತಿದ್ದವು. ಅರಿಯಲೂರು ತಿರುಚ್ಚಿ ಕಡೆಯ ಈ ಹುಳಗಳನ್ನ ವಿಂಗಡಿಸಿ ಬಹಳಷ್ಟಕ್ಕೆ ಹೆಸರು ಕೊಟ್ಟವರು ಫರ್ಡಿನಾಂಡ್ ಸ್ಟೊಲಿಜ್ಕಾ, 1862ರಾಗ ನಮ್ಮ ದೇಶಕ್ಕ ಬಂದು ಭಾರತೀಯ ಭೂವೈಜ್ಞಾನಿಕ ಸರ್ವೇದಾಗ ಕೆಲಸ ಮಾಡಿ 1867-68ರಾಗ ಬಸವನಹುಳಗಳದ್ದೇ ಒಂದು ದೊಡ್ಡ ಸಂಪುಟ ಬರೆದು 1874ರಾಗ ಲಡಾಖಿನಾಗ 36ರ ವಯಸ್ಸಿಗೇ ತೀರಿಕೊಂಡ್ರು. ಟ್ರೇದಾಗ ಕಛ್‌ನಿಂದ ಬಂದ ಒಂದು ವೆಲೇಟಿಸ್ಸೂ ಇತ್ತು, ಟೊಪ್ಪಿಗಿ ಆಕಾರದ್ದು. ಅದರ ಹಳೆ ಚೀಟಿ ಮ್ಯಾಲ ವೆಲೇಟಿಸ್ ಷ್ಮಿಡೆಲಿಯಾನಸ್ ಅಂತಿತ್ತು, ಕೆಮ್ನಿಟ್ಜ್ 1786ರಾಗ ಇಟ್ಟದ್ದು. ಆದ್ರ ಆತ ಎರಡು ಶಬ್ದದ ಹೆಸರಿನ ಪದ್ಧತಿ ಸರಿಯಾಗಿ ಪಾಲಿಸಿರಲಿಲ್ಲ ಅಂತ ಆತನ ಹೆಸರು ಬಿದ್ದುಹೋಗಿ 1791ರ ಗ್ಮೆಲಿನ್ ಇಟ್ಟ ಪರ್ವರ್ಸಸ್ ಅನ್ನೋದೇ ನಿಂತದ. ಮೇಷ್ಟ್ರು ಹಳೆ ಚೀಟಿ ಹರೀಲಿಲ್ಲ, ಅದರ ಕೆಳಗ ಹೊಸ ಚೀಟಿ ಬರೆಸಿ ಎರಡನ್ನೂ ಒಟ್ಟಿಗೆ ಇಡಿಸಿದ್ರು. ‘ಹಳೇದು ತಪ್ಪಾದ್ರೂ ಬಿಸಾಕಬ್ಯಾಡಪ್ಪಾ, ಯಾರು ಏನಂತ ತಿಳಿದಿದ್ರು ಅನ್ನೋದು ಅದರಾಗ ಅದ’ ಅಂದಿದ್ರು.

ಆಮ್ಯಾಲ ಒಂದು ಬ್ಯಾಸಗಿಯಾಗ ಸುಣ್ಣ ಹೊಡಿಸಲಿಕ್ಕೆ ಲ್ಯಾಬ್ ಖಾಲಿ ಮಾಡಿಸಿದ್ರು, ನಾನು ತಂಗಿ ಮದುವಿಗೆ ರಜಾ ಹಾಕಿ ಊರಿಗೆ ಹೋಗಿದ್ದೆ. ಬಂದು ನೋಡ್ತೀನಿ, ಟ್ರೇದಾಗಿನ ಚಿಪ್ಪೆಲ್ಲಾ ಒಂದು ಪ್ಲಾಸ್ಟಿಕ್ ಬಕೀಟಿನಾಗ, ಚೀಟಿಗಳು ಕಸದ ಗುಂಪಿನಾಗ ಸುಣ್ಣದ ನೀರು ಕುಡಿದು ಅಂಟಿಕೊಂಡು ಬಿದ್ದಾವ. ಕುಂತು ಒಂದೊಂದೇ ತೊಳೆದೆ. ನಲವತ್ತಕ್ಕೂ ಮ್ಯಾಲಿದ್ದ ಚಿಪ್ಪಿನಾಗ 11ಕ್ಕೆ ಮಾತ್ರ ಮೇಷ್ಟ್ರು ಬಿಳಿ ಬಣ್ಣದ ಚುಕ್ಕಿ ಇಟ್ಟು ಅದರ ಮ್ಯಾಲ ಕರಿ ಶಾಯಿಯಿಂದ ನಂಬರ್ ಬರೆದು ಉಗುರುಬಣ್ಣ ಹಚ್ಚಿ ಮುಚ್ಚಿದ್ರು, ಆ 11 ಉಳಿದವು, ರಜಿಸ್ಟರಿನಾಗ ನಂಬರ್ ನೋಡಿ ಮತ್ತ ಚೀಟಿ ಬರೆದೆ. ಉಳಿದವು ಎಲ್ಲಿಯವು ಯಾವ ಪದರದವು ಅಂತ ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಒಂದು ಟರಿಟೆಲ್ಲಾ ಕೈಯಾಗ ಹಿಡಿದು ಬಹಳ ಹೊತ್ತು ನಿಂತಿದ್ರು, ಯಾರಿಗೂ ಬೈಲಿಲ್ಲ. ಆ ಚಿಪ್ಪು ಮೊದಲಿನಷ್ಟೇ ಚಂದ ಇತ್ತು, ಆದ್ರ ಜಾತಿ ಹೇಳೋ ಕೆಲಸಕ್ಕೆ ಬರ್ತಿರಲಿಲ್ಲ, ಯಾಕಂದ್ರ ಕಲ್ಲಾದ ಹುಳಕ್ಕ ಮೈ ಇಲ್ಲ, ನಾಲಿಗಿ ಇಲ್ಲ, ಡಿಎನ್ಎ ಇಲ್ಲ, ಬರೇ ಚಿಪ್ಪು, ಅದೂ ಕೆಲವು ಸಲ ಚಿಪ್ಪು ಕರಗಿ ಒಳಗ ತುಂಬಿದ ಕೆಸರಿನ ಅಚ್ಚು ಅಷ್ಟೇ ಉಳಿದಿರ್ತದ, ಅದರ ಮ್ಯಾಲ ಹೊರಗಿನ ಗೆರೆ ಗಂಟು ಒಂದೂ ಇರಲ್ಲ. ಮರಿ ಹುಳಕ್ಕ ಒಂದು ಹೆಸರು, ದೊಡ್ಡ ಹುಳಕ್ಕ ಒಂದು ಹೆಸರು, ಅಚ್ಚಿಗೆ ಮತ್ತೊಂದು ಹೆಸರು, ಹಿಂಗ ಒಂದೇ ಪ್ರಾಣಿಗೆ ಎರಡು ಮೂರು ಹೆಸರು ಬಿದ್ದದ್ದು ಬೇಕಾದಷ್ಟು ಅದಾವ. ಇಂಥ ಹೊತ್ತಿನಾಗ ಯಾವ ಪದರದಾಗ ಸಿಕ್ಕಿತು, ಜೋಡಿಗೆ ಮತ್ತೇನು ಸಿಕ್ಕಿತು ಅನ್ನೋದೇ ಅರ್ಧ ಉತ್ತರ.

ಅದಕ್ಕ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ ಅದ. ಮೊಬೈಲ್‌ನಾಗಿನ ಫೋಟೋ ಸರಿ ಮಾಡಿ ಹಾಕ್ರಿ, ಮುಂದ ಯಾವತ್ತೂ ಚಿಪ್ಪಿನ ಫೋಟೋ ತಿರುವಬ್ಯಾಡ್ರಿ ಅಂತ ಪೇಜ್ ಮಾಡೋರಿಗೆ ಹೇಳ್ರಿ. ಸಮುದ್ರ ಶಂಖ ಅಂದದ್ದಕ್ಕ ನಾಲ್ಕು ಸಾಲಿನ ತಿದ್ದುಪಡಿ ಕೊಡ್ರಿ, ಕೆರೆ ಹುಳ ಅಂದ್ರೂ ಅದರ ಬೆಲೆ ಏನೂ ಕಡಿಮಿ ಆಗಲ್ಲ. ವೈಜ್ಞಾನಿಕ ಹೆಸರು ಹಾಕಿದ್ರ ಎರಡೂ ಶಬ್ದ ಹಾಕ್ರಿ, ಇಂಗ್ಲಿಷ್‌ನಾಗ ಮೊದಲನೇದಕ್ಕ ದೊಡ್ಡಕ್ಷರ, ಎರಡನೇದಕ್ಕ ಸಣ್ಣಕ್ಷರ ಅಂತ ಗುರುತು ಇರ್ತದ, ನಮ್ಮ ಲಿಪಿಯಾಗ ಆ ಗುರುತು ಇಲ್ಲ, ಅದಕ್ಕ ನಡುವೆ ಕಾಮಾ ಹಾಕಿ ಎರಡು ಪ್ರಾಣಿ ಮಾಡಬ್ಯಾಡ್ರಿ. ಹೊಲದ ಸರ್ವೇ ನಂಬರ್ ಮಾತ್ರ ಪೇಪರಿನಾಗ ಬ್ಯಾಡ, ಕಲ್ಲು ಮಾರೋರು ಬಂದು ಅಗೆದುಬಿಡ್ತಾರ, ಅದು ಚೀಟಿಯಾಗ ಇದ್ರ ಸಾಕು. ನಾನು ಫೋಟೋ ನೋಡಿ ಫೈಸಾ ಅಂತ ಹೇಳಿದ್ದು ಕುಲದ ಮಟ್ಟಿಗೆ, ಜಾತಿ ಹೇಳಬೇಕಂದ್ರ ಬಲ್ಲವರು ಕಲ್ಲನ್ನೇ ಕೈಯಾಗ ಹಿಡಿದು ಸುತ್ತು ಎಣಿಸಿ ಅಳತಿ ತೊಗೊಂಡು ನೋಡಬೇಕು.

ಮತ್ತ ನಿಮ್ಮ ವರದಿಗಾರರು ಆ ಕಡೆ ಹೋದ್ರ ಹುಡುಗಿಗೆ ನನ್ನ ಕಡಿಂದ ಒಂದು ಮಾತು ಮುಟ್ಟಿಸ್ರಿ. ತಂಗೀ, ಇವತ್ತೇ ಒಂದು ಚೀಟಿ ಬರೀ, ಊರು, ಯಾರ ಹೊಲ, ಹೊಲದ ಯಾವ ಮೂಲಿ, ಮಣ್ಣಿನ ಮ್ಯಾಲ ಬಿದ್ದಿತ್ತೋ ಕಲ್ಲಿನ ಪದರದಾಗ ಹುಗಿದಿತ್ತೋ, ತಾರೀಖು, ನಿನ್ನ ಹೆಸರು. ಪೆನ್ಸಿಲಿನಿಂದ ಬರೀ, ಪೆನ್ ಬ್ಯಾಡ, ಮಳಿಗಾಲದಾಗ ಥಂಡಿ ಹತ್ತಿದ್ರ ಶಾಯಿ ಹರಡ್ತದ. ಚಿಪ್ಪು ಮತ್ತ ಚೀಟಿ ಒಂದೇ ಡಬ್ಬಿಯಾಗ ಇಡು.

ಇಂತಿ ನಿಮ್ಮ ಓದುಗ,
ಕಲಬುರಗಿ