ಕಕ್ಷೆಯ ಕಸಕ್ಕೂ ಕಾಯ್ದೆ ಬೇಕು

ಸರ್ಕಾರಿ ಇರಲಿ, ಖಾಸಗಿ ಇರಲಿ, ಭಾರತದ ಎಲ್ಲ ಬಾಹ್ಯಾಕಾಶ ಯಾನಗಳನ್ನೂ 2030ರ ವೇಳೆಗೆ ಅವಶೇಷಮುಕ್ತವಾಗಿಸುವ, ಅಂದರೆ ಕೆಲಸ ಮುಗಿಸಿದ ಉಪಗ್ರಹ, ರಾಕೆಟ್ ಭಾಗಗಳು ಕಕ್ಷೆಯಲ್ಲಿ ಕಸವಾಗಿ ಉಳಿಯದಂತೆ ನೋಡಿಕೊಳ್ಳುವ ಇಸ್ರೊ ಸಂಕಲ್ಪಕ್ಕೆ ಕಾಯ್ದೆಯ ಬಲ ಬೇಕಿದೆ. ಇಸ್ರೊ ಮಟ್ಟಿಗೆ ಅನುಮಾನವಿಲ್ಲ. 2024ರ ಜನವರಿಯಲ್ಲಿ ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಪಿಎಸ್‌ಎಲ್‌ವಿ ರಾಕೆಟ್‌ನ ಕೊನೆಯ ಹಂತವನ್ನು ಅದು 650 ಕಿ.ಮೀ. ಎತ್ತರದಿಂದ 350 ಕಿ.ಮೀ.ಗೆ ಇಳಿಸಿ, ಪ್ರಯೋಗಗಳಿಗೂ ಬಳಸಿಕೊಂಡು, ಮಾರ್ಚ್‌ನಲ್ಲಿ ವಾತಾವರಣಕ್ಕೆ ಮರಳುವಂತೆ ಮಾಡಿತು. ಆದರೆ ಲಾಭಕ್ಕಾಗಿ ದುಡಿಯುವ ಕಂಪನಿಗಳು ಉಪಗ್ರಹವನ್ನು ಕೆಳಗಿಳಿಸಲೆಂದು ತಾವಾಗಿಯೇ ಇಂಧನ ಉಳಿಸಿಡುತ್ತವೆ ಎಂದು ನಂಬಿ ಕೂರಲಾಗದು. ಬೆಂಗಳೂರಿನ ಕೆರೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ! ಉಡಾವಣೆಗೆ ಮುನ್ನವೇ ಕಂಪನಿಯಿಂದ ಠೇವಣಿ ಪಡೆದು, ಉಪಗ್ರಹ ಸುರಕ್ಷಿತವಾಗಿ ವಿಲೇವಾರಿಯಾದ ಬಳಿಕವಷ್ಟೇ ಹಿಂತಿರುಗಿಸುವಂತೆ ಕೇಂದ್ರ ಸರ್ಕಾರ ಬಾಹ್ಯಾಕಾಶ ಕಾಯ್ದೆಯೊಂದನ್ನು ರೂಪಿಸಲಿ.

ಓದುಗ, ಬೆಂಗಳೂರು