ಮುಹೂರ್ತಕ್ಕೂ ಮೊದಲು ನಕ್ಷೆ ಅಂತಿಮವಾಗಲಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂದಂತೆ ಬೆಳಗಾವಿಯ ಖಡೇಬಜಾರ್, ಕಾಲೇಜು ರಸ್ತೆ, ಟಿಳಕವಾಡಿ ಭಾಗಗಳಲ್ಲಿ ಹೊಸ ಮಳಿಗೆಗಳ ಒಳಾಂಗಣ ಕೆಲಸ ಹಗಲು ರಾತ್ರಿಯೆನ್ನದೆ ನಡೆಯುತ್ತದೆ. ಪಾಡ್ಯದ ದಿನ ಪೂಜೆ ಆಗಲೇಬೇಕೆಂದು ಬಣ್ಣ ಆರದ ಗೋಡೆಗೇ ತೋರಣ ಕಟ್ಟಿ, ಮರುದಿನ ಮತ್ತೆ ಶಟರ್ ಎಳೆದು ಕೆಲಸ ಮುಂದುವರಿಸುವವರೂ ಇದ್ದಾರೆ. ತಡವಾದದ್ದಕ್ಕೆ ಗೌಂಡಿಗಳನ್ನೋ ಬಡಿಗೇರರನ್ನೋ ದೂರುವುದು ವಾಡಿಕೆ. ಆದರೆ ಕಾಮಗಾರಿಗಳ ಅಂದಾಜು ಪಟ್ಟಿ ತಯಾರಿಸುವುದೇ ವೃತ್ತಿಯಾಗಿರುವ ನನಗೆ ತೋರುವಂತೆ, ಒಳಾಂಗಣದ ನಕ್ಷೆ ಅಂತಿಮವಾಗುವ ಮೊದಲೇ ಬಾಡಿಗೆ ಕರಾರಿಗೆ ಸಹಿ ಬಿದ್ದಾಗ ವೇಳೆಯೂ ಹಣವೂ ಕೈಮೀರಲು ಆರಂಭಿಸಿರುತ್ತವೆ.

ಕರಾರಾದ ದಿನದಿಂದಲೇ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಒಳಾಂಗಣ ಕೆಲಸದ ಅವಧಿಗೆ ವಿನಾಯಿತಿ ಕೇಳುವ ರೂಢಿ ದೊಡ್ಡ ಕಂಪನಿಗಳಲ್ಲಿದೆ. ನಮ್ಮ ಸಣ್ಣ ವ್ಯಾಪಾರಿಗಳು ಸಂಕೋಚಪಟ್ಟು ಕೇಳುವುದೇ ಇಲ್ಲ. ಇದಕ್ಕಿಂತ ದುಬಾರಿಯಾಗುವುದು ವಿದ್ಯುತ್ತಿನ ವಿಷಯದಲ್ಲಿನ ಮರೆವು. ಬಟ್ಟೆ ಅಂಗಡಿಯೊಂದಕ್ಕೆ 10 ಟನ್ (ತಂಪು ಮಾಡುವ ಸಾಮರ್ಥ್ಯದ ಅಳತೆ) ಎಸಿ ಬೇಕೆಂದರೆ ಅದೊಂದಕ್ಕೇ ಹತ್ತು ಕಿಲೋವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಲೋಡ್ ಬೇಕಾಗುತ್ತದೆ, ಹಳೆಯ ಗಾಳಾಗಳ (ಅಂಗಡಿ ಕೋಣೆಗಳ) ಮೀಟರಿಗೆ ಅಷ್ಟು ಮಂಜೂರಾಗಿರುವುದು ಅಪರೂಪ. ಹೆಚ್ಚುವರಿ ಲೋಡ್‌ಗಾಗಿ ವಿದ್ಯುತ್ ಪೂರೈಸುವ ಹೆಸ್ಕಾಂಗೆ ಅರ್ಜಿ ಹಾಕುವುದು ಫರ್ನಿಚರ್ ಬಂದ ಮೇಲೆ ನೆನಪಾದರೆ, ಠೇವಣಿ ಕಟ್ಟಿ, ತ್ರೀಫೇಸ್ ಮೀಟರ್ ಕೂತು, ಅಗತ್ಯಬಿದ್ದಲ್ಲಿ ಹೊಸ ಕೇಬಲ್ ಎಳೆಯುವ ತನಕ ಸಿದ್ಧವಾದ ಮಳಿಗೆಗೆ ಬರೀ ಬಾಡಿಗೆ ಕಟ್ಟುತ್ತ ಕೂರಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಅದನ್ನು ಓದದೆ ಬರೆಸಿದ ಫಲಕಕ್ಕೆ ಎರಡನೆಯ ಸಲ ಹಣ ತೆರಬೇಕಾಗುತ್ತದೆ.

ದೀಪಾವಳಿಗೆ ತೆರೆಯಬೇಕಾದ ಮಳಿಗೆಯ ಗಿಲಾವು (ಗೋಡೆಯ ಪ್ಲಾಸ್ಟರ್) ನಮ್ಮೂರಿನ ಮಳೆಗಾಲದಲ್ಲೇ ಆಗುತ್ತದೆಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಗಿಲಾವಿಗೆ ವಾರವಿಡೀ ನೀರುಣಿಸಿ, ಆಮೇಲೆ ಪೂರ್ತಿ ಆರಲು ಬಿಡದೆ ಪುಟ್ಟಿ, ಬಣ್ಣ ಬಳಿದರೆ ಅದು ಉಬ್ಬಿ ಸಿಪ್ಪೆಯೇಳುತ್ತದೆ. ನಡುವೆ ಗಣೇಶೋತ್ಸವ ಬರುತ್ತದೆ, ಆ ದಿನಗಳಲ್ಲಿ ಕೆಲಸಗಾರರು ಸಿಗುವುದಿಲ್ಲ, ಪೇಟೆಯೊಳಗೆ ಸಾಮಗ್ರಿಯ ಗಾಡಿಯೂ ಬರುವುದಿಲ್ಲ. ಹಬ್ಬದ ತಾರೀಖು ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಅಚ್ಚಾಗಿರುವಾಗ ಅದನ್ನು ಅನಿರೀಕ್ಷಿತ ಅಡಚಣೆ ಎನ್ನುವುದು ಎಷ್ಟು ಸರಿ?

ಇನ್ನು ಹಣದ ಮಾತು. ಚದರಡಿಗೆ ಇಷ್ಟು ಎಂಬ ಬಾಯಿಮಾತಿನ ಒಪ್ಪಂದವೇ ಜಗಳದ ಮೂಲ. ‘ಪ್ಲೈವುಡ್’ ಎಂದಷ್ಟೇ ಬರೆದರೆ ಅದು ಭಾರತೀಯ ಗುಣಮಾನಕ (ಐಎಸ್) 303ರ ಸಾಧಾರಣ ಹಲಗೆಯೋ, ನೀರು ತಡೆಯುವ ಐಎಸ್ 710ರದ್ದೋ ತಿಳಿಯುವುದಿಲ್ಲ. ದರದಲ್ಲಿ ಮಾತ್ರ ಬಹಳ ಅಂತರವಿದೆ. ಶೇ 18ರ ಜಿಎಸ್‌ಟಿ ದರದೊಳಗೆ ಸೇರಿದೆಯೇ ಎಂಬುದು ಕೊನೆಯ ಬಿಲ್ಲಿನಲ್ಲಿ ಗೊತ್ತಾಗಬಾರದು. ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಸಿಸಿಟಿವಿಯ ವೈರಿಗಾಗಿ ಅದನ್ನು ಕೊರೆಯುವಂತಹ ಬದಲಾವಣೆಗಳು ಬಂದೇ ಬರುತ್ತವೆ. ಪ್ರತಿ ಬದಲಾವಣೆಗೂ ಎಷ್ಟು ಹಣ, ಎಷ್ಟು ದಿನ ಹೆಚ್ಚಾಯಿತೆಂದು ಬರೆದು ಇಬ್ಬರೂ ಸಹಿ ಮಾಡಿದ ನಂತರವೇ ಕೈಹಚ್ಚಬೇಕು. ಹಣವನ್ನು ವಾರದ ಲೆಕ್ಕದಲ್ಲಿ ಕೊಡದೆ ಮುಗಿದ ಹಂತದ ಅಳತೆ ನೋಡಿ ಕೊಡುವುದು, ಸಣ್ಣಪುಟ್ಟ ದೋಷಗಳು ಸರಿಯಾಗುವವರೆಗೆ ಶೇ 5ರಷ್ಟನ್ನು ಉಳಿಸಿಕೊಳ್ಳುವುದು ಗುತ್ತಿಗೆದಾರನಿಗೂ ಅನ್ಯಾಯವೇನಲ್ಲ.

ನಗರದ ವ್ಯಾಪಾರಿ ಸಂಘಗಳು ಇಂತಹ ಕರಾರಿನ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಮಹಾನಗರ ಪಾಲಿಕೆಯು ವ್ಯಾಪಾರ ಪರವಾನಗಿಯ ಅರ್ಜಿಯೊಂದಿಗೇ ವಿದ್ಯುತ್ ಲೋಡ್, ನಾಮಫಲಕ, ಅಗ್ನಿಸುರಕ್ಷತೆಯ ಅಗತ್ಯಗಳನ್ನು ತಿಳಿಸುವ ಒಂದು ಪುಟದ ಪಟ್ಟಿಯನ್ನೂ ನೀಡಬೇಕೆಂದು ನನ್ನ ವಿನಂತಿ.

– ಓರ್ವ ಅಂದಾಜುಗಾರ, ಬೆಳಗಾವಿ