ನನ್ನ ಆಸ್ಪತ್ರೆ ಬಿಲ್ ಕಟ್ಟಿದ ತುಮಕೂರಿನವರಿಗೆ

ಆಂಜಿಯೋಪ್ಲಾಸ್ಟಿ ಮುಗಿಸಿಕೊಂಡು ಮನೆಗೆ ಬಂದಿದ್ದೇನೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಎರಡು ಹೊತ್ತು ಮಾತ್ರೆ, ಉಪ್ಪು ಕಮ್ಮಿ ಇರೋ ಸಾರು. ನಿಮ್ಮೆಲ್ಲರ ಮನೆಗೂ ಬಂದು ಕೈ ಮುಗಿಯಬೇಕಿತ್ತು. ಸದ್ಯಕ್ಕೆ ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬಾಕ್ಸಿಂಗ್ ಕಲಿಯೋ ಮಕ್ಕಳಿಗೆ ಕೌರ್ ಸಿಂಗ್ ಕಥೆ ಬಾಯಿಪಾಠ. ಪಂಜಾಬಿನ ಹಳ್ಳಿಯವರು, ಸೇನೆಯ ಬಾಕ್ಸರ್. 1980ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಮುಹಮ್ಮದ್ ಅಲಿ ಎದುರು ಪ್ರದರ್ಶನ ಪಂದ್ಯ ಆಡಿದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ. ಅರ್ಜುನ ಪ್ರಶಸ್ತಿ, ಪದ್ಮಶ್ರೀ, ಆಮೇಲೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಕಥೆಯನ್ನ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನದು ಮಕ್ಕಳಿಗೆ ಹೇಳೋವಂಥದ್ದಲ್ಲ. ಹೃದಯದ ಚಿಕಿತ್ಸೆಗೆ ಅವರು ಸಾಲ ಮಾಡಬೇಕಾಯಿತು. 2017ರಲ್ಲಿ ಅದು ಸುದ್ದಿಯಾದ ಮೇಲೆ ಸೇನೆ, ಕ್ರೀಡಾ ಸಚಿವಾಲಯ ನೆರವಿಗೆ ಬಂದವು. 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಐಸಿಯುನಲ್ಲಿ ಮಲಗಿದ್ದಾಗ ಇದೇ ತಲೆಯಲ್ಲಿ ಓಡುತ್ತಿತ್ತು. ಅಲಿ ಎದುರು ನಿಂತವರಿಗೇ ಹೀಗಾದರೆ, ಜಿಲ್ಲಾ ಮಟ್ಟ ದಾಟದ ನನ್ನನ್ನ ಕೇಳೋರು ಯಾರು? ಹೊರಗೆ ಹೆಂಡತಿ ಆಗಲೇ ಬಳೆ ಬಿಚ್ಚಿ ತಮ್ಮನ ಕೈಗೆ ಕೊಟ್ಟಿದ್ದಳಂತೆ.

ಬಳೆ ಅಡವಿಗೆ ಹೋಗಲಿಲ್ಲ. ಎಪಿಎಂಸಿ ಯಾರ್ಡಿನ ಮಂಡಿಯವರು ರಾತ್ರೋರಾತ್ರಿ ಅಡ್ವಾನ್ಸ್ ಕಟ್ಟಿದರು. ಉಳಿದಿದ್ದನ್ನ ಮಕ್ಕಳ ಪೋಷಕರು ಸೇರಿ ಹೊಂದಿಸಿದರು. ಅದರಲ್ಲಿ ಆಟೋ ಓಡಿಸೋರಿದ್ದಾರೆ, ಹೂ ಕಟ್ಟೋರಿದ್ದಾರೆ. ವಾಪಸ್ ಕೊಡ್ತೀನಿ ಅಂದರೆ ಬೈತಾರೆ. ಎಂಟನೇ ಕ್ಲಾಸಿನ ಒಬ್ಬಳು ಹುಂಡಿ ಒಡೆದು, ಚಿಲ್ಲರೆಯನ್ನ ಬಾಕ್ಸಿಂಗ್ ಗ್ಲೌಸ್ ಒಳಗೆ ಕೈಗೆ ಸುತ್ತೋ ಬ್ಯಾಂಡೇಜಿನಲ್ಲೇ ಸುತ್ತಿ ತಂದಿದ್ದಳು. ಎಷ್ಟು ಬಿಗಿ ಅಂದರೆ ಬಿಚ್ಚೋಕೆ ನರ್ಸಮ್ಮನಿಗೇ ಸಾಕುಸಾಕಾಯಿತು. ಹಾಗೆ ಸುತ್ತೋದನ್ನ ಕಲಿಸಿದ್ದು ನಾನೇ, ಏನು ಹೇಳೋದು!

ನಮ್ಮ ಬೀದಿಯ ನಿವೃತ್ತ ಸುಬೇದಾರ್ ಸಾಹೇಬರಿಗೂ ಒಂದು ಸಲ್ಯೂಟ್. ನಾನಿಲ್ಲದಾಗ ಬೆಳಗ್ಗೆ ಅಮಾನಿಕೆರೆ ಹತ್ತಿರ ಮಕ್ಕಳನ್ನ ಓಡಿಸಿದ್ದೇ ಓಡಿಸಿದ್ದು. ಅವರಿಗೆ ಬಾಕ್ಸಿಂಗ್ ಬರಲ್ಲ, ಆದರೆ ಒಬ್ಬರೂ ಕ್ಲಾಸು ತಪ್ಪಿಸಿಲ್ಲ. ನನ್ನ ಕಾಲದಲ್ಲಿ ಇಷ್ಟು ಹಾಜರಿ ಇರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಆಯಿತು ಅನ್ನಿ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಸೋಮವಾರದಿಂದ ಬರುತ್ತೇನೆ. ಮಕ್ಕಳ ಪಂಚಿಗೆ ಪ್ಯಾಡ್ ಹಿಡಿಯೋ ಹಾಗಿಲ್ಲ, ಕುರ್ಚಿ ಹಾಕಿಕೊಂಡು ಕೂಗಬಹುದು ಅಂದಿದ್ದಾರೆ ಡಾಕ್ಟರ್. ಮಕ್ಕಳೇ, ಆರು ಗಂಟೆಗೆ. ತಡವಾದರೆ ಸ್ಕಿಪ್ಪಿಂಗ್ ಜಾಸ್ತಿ.